ಹೊಳೆನರಸೀಪುರದ ರೂಲ್

“ಎಲ್ಲಿಗೆ ಎದ್ದು ಹೋದೆಯಪ್ಪಾ?”

ಇಂದುಶೇಖರರು ಕೇಳಿದ್ದು ಯಾರನ್ನೂ ಅಲ್ಲ. ದೇವರ ಮಂಟಪದಲ್ಲಿ ಅವರೊಬ್ಬರೇ ಇದ್ದರು. ಬೆಳ್ಳಿಯ ಪುಟ್ಟ ಸಂಪುಟ ಬಾಯಿ ತೆರೆದು ಕೂತಿತ್ತು. ಒಳಗೆ ನಿನ್ನೆಯ ತುಳಸಿಯ ದಳ ಒಂದೇ ಇತ್ತು, ಸಾಲಿಗ್ರಾಮ ಇರಲಿಲ್ಲ.

ನೆಲ್ಲಿಕಾಯಿಯಷ್ಟು ದೊಡ್ಡ, ನುಣ್ಣನೆಯ ಕಪ್ಪು ಶಿಲೆ ಅದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಬಂದದ್ದು. ಕೆಲಸಕ್ಕೆಂದು ದೆಹಲಿಗೆ ಬಂದಾಗ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದರು. ಅದರ ಅಭಿಷೇಕವಾಗದೆ ಇಂದುಶೇಖರರ ಗಂಟಲಲ್ಲಿ ಕಾಫಿ ಕೂಡ ಇಳಿದದ್ದಿಲ್ಲ.

ಜಲಜಾ ಅಡಿಗೆಮನೆಯಿಂದ ಇಣುಕಿದರು. “ಇಷ್ಟು ವರ್ಷ ಒಂದೇ ಕಡೆ ಕೂರಿಸಿದ್ದೀರಿ. ಬೇಜಾರಾಗಿ ವಾಕಿಂಗ್ ಹೋಗಿರ್ತಾನೆ.”

ಗಂಡ ನಗಲಿಲ್ಲ. ಆಗ ಆಕೆಯೂ ಸೌಟು ಕೆಳಗಿಟ್ಟು ಬಂದು ಮಂಟಪದ ಕೆಳಗೆ, ಬಾಗಿಲ ಸಂದಿಯಲ್ಲಿ, ಕೊನೆಗೆ ಹೂವಿನ ಕಸದ ಬುಟ್ಟಿಯಲ್ಲೂ ಹುಡುಕಿದರು. ಮಗ ಸೊಸೆ ಇಬ್ಬರೂ ಮಂಜು ಕರಗುವ ಮುನ್ನವೇ ಗುರುಗ್ರಾಮದ ಆಫೀಸಿಗೆ ಹೊರಟುಹೋಗಿದ್ದರು. ಮನೆಯಲ್ಲಿ ಉಳಿದವಳು ಮೊಮ್ಮಗಳು ಗಾನವಿ, ಚಳಿಗಾಲದ ರಜೆ. ರಜಾಯಿ ಹೊದ್ದು ಸೋಫಾದ ಮೂಲೆಯಲ್ಲಿ ಕೂತಿದ್ದವಳ ಕಣ್ಣುಗಳಷ್ಟೇ ಹೊರಗಿದ್ದವು. ಆ ಕಣ್ಣುಗಳೇ ಎಲ್ಲವನ್ನೂ ಹೇಳುತ್ತಿದ್ದವು.

“ಪುಟ್ಟಿ, ದೇವರನ್ನ ನೋಡಿದೆಯಾ?”

“ನಾನು ಪೂಛ್‌ಕೇ ತಗೊಂಡಿದ್ದು ತಾತ! ನಿನ್ನೆ ಸಂಜೆ ನಿಮ್ಮನ್ನ ಕೇಳ್ದೆ. ಬ್ಲ್ಯಾಕ್ ಗೋಲಿ ಆಟಕ್ಕೆ ತಗೊಳ್ಲಾ ಅಂತ. ನೀವು ನೋಡೋಣ ಅಂದ್ರಿ.”

ಇಂದುಶೇಖರರಿಗೆ ನೆನಪಾಯಿತು. ನಿನ್ನೆ ಸಂಜೆ ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಗಮಕ ಕೇಳುತ್ತಿದ್ದರು. ಅವರ ತಂದೆ ಊರಿನ ಗಮಕಿಗಳು. ಮಾತು ಕಲಿಯುವ ಮೊದಲೇ ಇವರ ಕಿವಿಗೆ ಪದ್ಯ ಬಿದ್ದಿತ್ತು. ಕೇಳಲು ಕೂತರೆ ಲೋಕದ ಪರಿವೆಯಿರುತ್ತಿರಲಿಲ್ಲ. ಯಾರೋ ತೋಳು ಜಗ್ಗಿದ್ದರು. ಇವರು ಏನೋ ಅಂದಿದ್ದರು.

ಅಂದದ್ದು ‘ನೋಡೋಣ’ ಎಂದೇ ಇರಬೇಕು. ಅವರ ಬಾಯಲ್ಲಿ ಬೇರೆ ಉತ್ತರವಿರಲಿಲ್ಲ. ಆಗದು ಎಂಬ ಮಾತು ಜನ್ಮದಲ್ಲಿ ಅವರ ನಾಲಗೆಗೆ ಹತ್ತಿದ್ದಿಲ್ಲ. ಕುಲ್ಫಿ ಕೇಳಿದರೂ ನೋಡೋಣ, ಕನ್ನಡ ಸಂಘದವರು ಚಂದಾ ಕೇಳಿದರೂ ನೋಡೋಣ. ಆಮೇಲೆ ಕುಲ್ಫಿಯೂ ಬರುತ್ತಿತ್ತು, ಚಂದಾವೂ ಹೋಗುತ್ತಿತ್ತು. ಮಗು ತಿಳಿದುಕೊಂಡದ್ದರಲ್ಲಿ ತಪ್ಪೇನಿತ್ತು?

“ಆದ್ರೆ ಅದೇ ಯಾಕೆ ಮರಿ? ಗಾಜಿನ ಗೋಲಿ ಇದ್ವಲ್ಲ?”

“ಅವೆಲ್ಲ ಸೋತೋಯ್ತು. ದೇವರು ಸೋಲೋದೇ ಇಲ್ಲ ಅಂದ್ಕೊಂಡೆ.” ಗಾನವಿಯ ಗಲ್ಲ ನಡುಗಿತು. “ಫಿರ್ ಭೀ ಹಾರ್ ಗಯಾ, ತಾತ.”

“ಯಾರ ಕೈಲಿ ಸೋತ?” ಜಲಜಾ ಕೇಳಿದರು.

“ಮಾಚಮ್ಮನ ಕೈಲಿ.”

ಮಾಚಮ್ಮ ಎಂದರೆ ಪಕ್ಕದ ಟವರಿನ ಕೊಡಗಿನ ಹುಡುಗಿ. ಅಪ್ಪ ಸೈನ್ಯದಲ್ಲಿ. ಈ ಸಲ ಗಡಿಯ ಕಡೆ ವರ್ಗವಾದ್ದರಿಂದ ಮಗಳನ್ನು ದೆಹಲಿಯಂಚಿನ ಈ ಇಂದಿರಾಪುರಂನಲ್ಲೇ ಇದ್ದ ಅಜ್ಜ, ನಿವೃತ್ತ ಸುಬೇದಾರ್ ಕಾರ್ಯಪ್ಪನವರ ಬಳಿ ಬಿಟ್ಟಿದ್ದ. ಅವಳು ಬಂದ ಮೇಲೆ ಸೊಸೈಟಿಯ ಮಕ್ಕಳು ಮೊಬೈಲ್ ಬಿಟ್ಟು ಜನರೇಟರ್ ಕೋಣೆಯ ಹಿಂದಿನ ಮಣ್ಣಿನಲ್ಲಿ ಗುಳಿ ತೋಡತೊಡಗಿದ್ದರು.

ಇಂದುಶೇಖರರು ಖಾಲಿ ಹೊಟ್ಟೆಯಲ್ಲೇ ಮಫ್ಲರ್ ಸುತ್ತಿಕೊಂಡು ಇಳಿದರು. ಗಾನವಿ ಅವರ ಬೆರಳು ಹಿಡಿದಿದ್ದಳು. ಲಿಫ್ಟಿನಲ್ಲಿ ಅವರಿಗೆ ಹೆದರಿಕೆ ಹುಟ್ಟಿತು. ಹುಡುಗಿ ಅದನ್ನು ಇನ್ನೊಬ್ಬರಿಗೆ ಸೋತಿದ್ದರೆ? ಆ ಇನ್ನೊಬ್ಬರು ಮೋರಿಗೆ ಉರುಳಿಸಿದ್ದರೆ?

ಮಾಚಮ್ಮ ಎಳೆಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಕಾರ್ಯಪ್ಪನವರು ಬೆನ್ನು ಕಾಯಿಸುತ್ತಿದ್ದರು. ವಿಷಯ ಕೇಳಿದವಳೇ ಅವಳು ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು. ಅಂಗೈ ಬಿಚ್ಚಿದಾಗ ದೇವರು ಅಲ್ಲಿದ್ದ, ಮೈಯೆಲ್ಲ ಮಣ್ಣು ಮೆತ್ತಿಕೊಂಡು, ಆಡಿ ದಣಿದ ಹುಡುಗನ ಹಾಗೆ. ಇಂದುಶೇಖರರ ಕಣ್ಣು ತುಂಬಿತು.

“ಕೊಡಮ್ಮ.”

“ಹೇಗ್ ಕೊಡ್ಲಿ ಅಜ್ಜ? ಪಕ್ಕಾ ಆಟ ಆಡಿದ್ದು. ಗೆದ್ದೋರಿಗೇ ಗೋಲಿ. ಗಾನವೀನೇ ಹ್ಞೂಂ ಅಂದಿದ್ಲು.” ಅವಳು ಮುಷ್ಟಿ ಮುಚ್ಚಿದಳು. “ಬದ್ಲಿಗೆ ಏನ್ ಕೊಡ್ತೀರಾ?”

ಇಂದುಶೇಖರರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು. ಕೊಳ್ಳಬಾರದು, ಮಾರಬಾರದು, ಯಾರಾದರೂ ಮನಸಾರೆ ಕೊಟ್ಟರೆ ಕೈಯೊಡ್ಡಬೇಕು. ಒಂದು ಚಾಕಲೇಟು ಕೊಟ್ಟರೂ ಅದು ಬೆಲೆಯೇ. ಇದನ್ನೇ ಅವರು ತಡೆತಡೆದು ಹೇಳಿದರು.

ಕಾರ್ಯಪ್ಪನವರು ಎದ್ದು ನಿಂತರು. “ಮಾಚೂ, ದೇವರ ಕಲ್ಲು ಅಂತಾರೆ, ಕೊಟ್ಟುಬಿಡು. ಇದು ಆರ್ಡರ್.”

ಹುಡುಗಿಯ ಮುಖ ಸಣ್ಣದಾಯಿತು. ಕೈ ಮುಂದೆ ಬಂತು. ಆದರೆ ಇಂದುಶೇಖರರು ತಮ್ಮ ಕೈ ಹಿಂದಕ್ಕೆಳೆದುಕೊಂಡರು.

“ತಡೀರಿ ಸುಬೇದಾರ್ ಸಾಹೇಬ್ರೇ. ಮಗು ಕಣ್ಣಲ್ಲಿ ನೀರು ಬರಿಸಿ ತಂದ್ರೆ ನಾನು ಯಾವ ನೀರಲ್ಲಿ ಅಭಿಷೇಕ ಮಾಡ್ಲಿ?”

“ಮತ್ತೇನ್ರೀ ಮಾಡೋದು? ಕೊಂಡ್ಕೊಳ್ಳೋ ಹಾಗಿಲ್ಲ, ಕಿತ್ಕೊಳ್ಳೋ ಹಾಗಿಲ್ಲ!”

ಮಾಚಮ್ಮನೇ ದಾರಿ ತೋರಿಸಿದಳು. “ಗೆದ್ಕೊಳ್ಳಿ ಅಜ್ಜ. ಒಂದೇ ಏಟು, ದೂರದ ಗೋಲಿಗೆ. ಯಾವ ರೂಲ್ ಬೇಕು? ಜಮ್ಮೂ ರೂಲಲ್ಲಿ ಗುಳಿ ದಾಟಿಸಿ ಹೊಡೀಬೇಕು. ಜೋಧಪುರದಲ್ಲಿ ನಿಂತ್ಕೊಂಡೇ ಹೊಡೀಬೇಕು. ಶಿಲ್ಲಾಂಗಲ್ಲಿ ಸೋತೋರು ಹಾಡು ಹೇಳ್ಬೇಕು.” ಅಪ್ಪನಿಗೆ ವರ್ಗವಾದಲ್ಲೆಲ್ಲ ಅವಳು ಮೊದಲು ಕಲಿತದ್ದು ಅಲ್ಲಿನ ಗೋಲಿಯಾಟವನ್ನೇ.

“ನಮ್ಮ ಹೊಳೆನರಸೀಪುರದ ರೂಲ್ ಗೊತ್ತಾ?” ಇಂದುಶೇಖರರು ಮೆಲ್ಲಗೆ ಕೇಳಿದರು. “ಒಂದೇ ಉಸಿರಿಗೆ ಪದ್ಯ ಹೇಳ್ಬೇಕು. ಪದ್ಯ ಮುಗಿಯೋದಕ್ಕೂ ಗೋಲಿ ಬಿಡೋದಕ್ಕೂ ಸರಿಹೋಗ್ಬೇಕು. ನಡುವೆ ಉಸಿರು ತಗೊಂಡ್ರೆ ಔಟ್.”

ಇಂಥ ರೂಲನ್ನು ಮಾಚಮ್ಮ ಯಾವ ಕಂಟೋನ್ಮೆಂಟಿನಲ್ಲೂ ಕೇಳಿರಲಿಲ್ಲ. ಅವಳ ಕಣ್ಣುಗಳು ಅರಳಿದವು. “ಚಲೋ! ಆದ್ರೆ ನಂಗೆ ಪದ್ಯ ಬರಲ್ಲ.”

“ಬರೋದನ್ನ ಹೇಳು.”

ಕಾರ್ಯಪ್ಪನವರ ಒಗೆದ ಕರವಸ್ತ್ರದ ಮೇಲೆ ಸಾಲಿಗ್ರಾಮ ಕೂತಿತು. ಗುರಿಗೆ ದೂರದಲ್ಲೊಂದು ಗಾಜಿನ ಗೋಲಿ. ಕಾರ್ಯಪ್ಪನವರೇ ಅಂಪೈರ್. ಮಾಚಮ್ಮ ಮೊದಲು ಬಗ್ಗಿದಳು. ಅವಳಿಗೆ ಬಾಯಿಪಾಠವಿದ್ದದ್ದು ಪೆರೇಡಿನ ಕೂಗು. “ಸಾವ್‌ಧಾನ್ ವಿಶ್ರಾಮ್ ದಾಹಿನೇ ಮುಡ್ ಬಾಯೇಂ ಮುಡ್ ತೇಜ್ ಚಲ್—” ಎಂದು ಒಂದೇ ಸಮನೆ ಒದರುವಾಗ ಅಜ್ಜ ಅಭ್ಯಾಸಬಲದಿಂದ ಅಟೆನ್ಷನ್ನಿಗೆ ನಿಂತುಬಿಟ್ಟರು. ಗಾನವಿ ಕಿಸಕ್ಕೆಂದಳು. ಮಾಚಮ್ಮನಿಗೂ ನಗು ಬಂತು, ಗೋಲಿ ಗುರಿಯ ಮಗ್ಗುಲಲ್ಲೇ ಹಾದು ಮುಂದೆ ಹೋಯಿತು.

ಈಗ ಇಂದುಶೇಖರರ ಸರದಿ. ಮಂಡಿ ಲಟಕ್ಕೆಂದಿತು. ಎಡಗೈ ಹೆಬ್ಬೆರಳನ್ನು ನೆಲಕ್ಕೆ ಊರಿದರು. ನಡುಬೆರಳ ತುದಿಗೆ ಗೋಲಿ ಆನಿಸಿ, ಬಲಗೈಯಲ್ಲಿ ಹಿಂದಕ್ಕೆ ಜಗ್ಗಿದರು. ಗಂಟುಗಳು ನೋಯುತ್ತಿದ್ದವು. ತಪ್ಪಿದರೆ ಇನ್ನೊಂದು ಅವಕಾಶವಿರಲಿಲ್ಲ. ಅವರು ಜೀವಮಾನವಿಡೀ ಪದ್ಯ ಕೇಳಿದವರೇ ಹೊರತು ನಾಲ್ಕು ಜನರೆದುರು ಹಾಡಿದವರಲ್ಲ. ಕಣ್ಣು ಮುಚ್ಚಿದರು. ಅಪ್ಪನ ದನಿ ಕೇಳಿಸಿತು. ಕಣ್ಣು ತೆರೆದು, ಬೀದಿಯಲ್ಲಿ ಆಡುತ್ತಿದ್ದಾಗ ಹೇಳುತ್ತಿದ್ದ ಪದ್ಯವನ್ನು ಅದೇ ರಾಗದಲ್ಲಿ ಎತ್ತಿಕೊಂಡರು:

“ನಡುಬೆರಳೆ ಬಿಲ್ಲಾಗು, ಹೆಬ್ಬೆರಳೆ ಬೇರಾಗು,
ಕದಲದಿರು ಕೈಯೆ ನೀ ಉಸಿರು ಮುಗಿವನಕ;
ಗುಳಿಯ ಕಾಯುವ ದೊರೆಯೆ, ಹುಡುಗಾಟ ಮನ್ನಿಸುತ
ನಡೆಸೆನ್ನ ಗೋಲಿಯನು ಗುರಿಯ ಬಳಿತನಕ.”

ಕೊನೆಯ ಅಕ್ಷರಕ್ಕೆ ಬೆರಳು ಬಿಟ್ಟರು.

ಟಣ್!

“ಲಗ್ ಗಯಾ!” ಗಾನವಿ ಚೀರಿದಳು. ಮಾಚಮ್ಮನೂ ಚೀರಿದಳು. ಇಂದುಶೇಖರರು ಹಿಡಿದಿದ್ದ ಉಸಿರು ಆಗ ಹೊರಬಂತು, ಬೆಳಗಿನಿಂದ ಎದೆಯ ಮೇಲಿದ್ದ ಚಪ್ಪಡಿಯನ್ನೂ ಜೊತೆಗೇ ಉರುಳಿಸಿಕೊಂಡು. ಕಾರ್ಯಪ್ಪನವರು ಕೈ ಕೊಟ್ಟು ಎಬ್ಬಿಸಿದರು. ಮಾಚಮ್ಮ ಕರವಸ್ತ್ರದ ಸಮೇತ ದೇವರನ್ನು ಎತ್ತಿ ಅವರ ಕೈಗಿಟ್ಟಳು. “ಗೆದ್ದಿದ್ದು ನೀವು ಅಜ್ಜ,” ಅಂದಳು.

ಮನೆಯಲ್ಲಿ ಅಭಿಷೇಕ ಅಂದು ತುಸು ದೀರ್ಘವಾಗಿಯೇ ನಡೆಯಿತು. ಶಿಲೆಯ ಸುಳಿಯೊಳಗೆ ಸೇರಿದ್ದ ಮಣ್ಣು ಮೂರು ಉದ್ಧರಣೆ ನೀರಿಗೂ ಬಿಡಲಿಲ್ಲ. “ನೋಡಿ, ಆಟ ಬಿಟ್ಟು ಬರೋಕೆ ಅವನಿಗೂ ಮನಸ್ಸಿಲ್ಲ,” ಎಂದರು ಜಲಜಾ. ಈ ಸಲ ಗಂಡ ಜೋರಾಗಿಯೇ ನಕ್ಕರು. ತೀರ್ಥಕ್ಕೆ ಕೈಯೊಡ್ಡಿದ ಮೊದಲಿಗಳು, ಜೊತೆಗೇ ಬಂದಿದ್ದ ಮಾಚಮ್ಮ. ಆಮೇಲೆ ಎಲ್ಲರಿಗೂ ಉಪ್ಪಿಟ್ಟು. ಇಂದುಶೇಖರರಿಗೆ ಎರಡು ಲೋಟ ಕಾಫಿ.

ತಟ್ಟೆ ಖಾಲಿ ಮಾಡಿ ಮಾಚಮ್ಮ ಜೇಬಿನ ಗೋಲಿಗಳನ್ನೆಲ್ಲ ನೆಲದ ಮೇಲೆ ಸುರಿದಳು. “ಅಜ್ಜ, ಸಂಜೆ ಇನ್ನೊಂದಾಟ. ಹೊಳೆನರಸೀಪುರ ರೂಲೇ. ನಾನು ಇಷ್ಟೂ ಇಡ್ತೀನಿ. ನೀವು ಅವನನ್ನ ಇಡ್ತೀರಾ? ಪ್ಲೀಸ್?”

“ಪ್ಲೀಸ್ ತಾತ!” ಗಾನವಿಯೂ ದನಿಗೂಡಿಸಿದಳು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತ ಜಲಜಾ ಗಂಡನ ಬಾಯನ್ನೇ ನೋಡಿದರು. ಇನ್ನೇನು ಬರುವ ‘ನೋಡೋಣ’ ಆಕೆಗೆ ಗೊತ್ತಿತ್ತು.

ಇಂದುಶೇಖರರು ಸಂಪುಟದ ಮುಚ್ಚಳ ಹಾಕಿದರು.

“ಇಲ್ಲ. ಅವನನ್ನ ಇಡೋದಿಲ್ಲ.”