ಕೋಳಿ ಇಳಿಸಿದ ಗುಂಡಿ

ಭರಮಪ್ಪ ಗ್ಯಾಸ್ ಪ್ಲಾಂಟಿನ ಗುಂಡಿಯಲ್ಲಿ ಉಸಿರು ಕಟ್ಟಿ ಸತ್ತ. ಕುಡಿದು ಬಿದ್ದ ಎಂದು ಮಹಾಂತಪ್ಪ ಸಾಹುಕಾರ ಪೊಲೀಸರಿಗೆ ಹೇಳಿದ. ಭರಮಪ್ಪ ಕುಡಿಯುತ್ತಿರಲಿಲ್ಲ.

ಸುರೇಬಾನದ ಆ ಪ್ಲಾಂಟಿನಲ್ಲಿ ಸೆಗಣಿ, ಕಬ್ಬಿನ ಮಡ್ಡಿ ಕೊಳೆತು ಗ್ಯಾಸ್ ಆಗುತ್ತದೆ. ಅದನ್ನು ನೀರಿನಲ್ಲಿ ತೊಳೆದರೆ ಉರಿಯದ ಗಾಳಿ ನೀರಿನ ಜತೆ ಹೋಗಿ, ಉಳಿದದ್ದು ಲಾರಿ ಓಡಿಸುವಷ್ಟು ಜೋರಾಗುತ್ತದೆ. ತೊಳೆದ ನೀರು ಬೀಳುವುದು ಗುಂಡಿಗೆ. ಉರಿಯದ ಗಾಳಿ ಅಲ್ಲಿ ನೀರನ್ನು ಬಿಟ್ಟು ತಳದಲ್ಲಿ ಕೂರುತ್ತದೆ; ಅದರೊಳಗೆ ಉಸಿರಾಡಲಾಗದು.

ಭರಮಪ್ಪನನ್ನು ಮಣ್ಣು ಮಾಡಿದ ವಾರಕ್ಕೆ, ಅವನು ಸರಿಮಾಡಲು ಇಳಿದಿದ್ದ ಗುಂಡಿಯ ಪಂಪು ಮತ್ತೆ ಕಸ ಸಿಕ್ಕಿ ನಿಂತಿತು. ಸಾಹುಕಾರ ಸತ್ತವನ ತಮ್ಮ ನೀಲಪ್ಪನನ್ನು ಕರೆದ.

"ಇಳೀಲೇ."

"ಮೊದಲ ಒಂದ ದೀಪಾ ಇಳಿಸಿ ನೋಡೂನ್ರಿ ಸಾವಕಾರ್ರ. ನಿಮ್ಮ ವಾಡೇದಾಗ ನೆಲದಾಗಿನ ಜ್ವಾಳದ ಹಗೇವ ತಗಿಯೂವಾಗ ನಮ್ಮಪ್ಪ ಹಂಗ ಮಾಡತಿದ್ದ. ದೀಪಾ ಆರಿದ್ರ ಇಳೀತಿದ್ದಿಲ್ಲ."

"ಗ್ಯಾಸಿನ ಬಾಜೂಕ ದೀಪಾ ಹಚ್ಚತೀ ಏನ್ಲೇ, ಹುಚ್ಚ ಸೂಳೆಮಗನ? ನನ್ನ ಪ್ಲಾಂಟ ಸುಡಾಂವೇನ?"

ಸೆಗಣಿ ಕಲೆಸುತ್ತಿದ್ದ ಸಾವಂತ್ರೆವ್ವ, ಭರಮಪ್ಪನ ಹೆಂಡತಿ, ಕೈ ತೊಳೆಯದೆ ಎದ್ದು ಮನೆಗೆ ಹೋದಳು. ತಿರುಗಿ ಬಂದಾಗ ಬುಟ್ಟಿಯಲ್ಲಿ ಕೋಳಿಯಿತ್ತು. ಮೊಟ್ಟೆ ಇಡುವ ಕೋಳಿ.

"ಇದಕ್ಕ ಬೆಂಕಿ ಬೇಕಾಗಿಲ್ರಿ," ಎಂದು ಬುಟ್ಟಿಗೆ ಹಗ್ಗ ಕಟ್ಟಿ ಗುಂಡಿಗೆ ಇಳಿಬಿಟ್ಟಳು.

ಕೆಳಗೆ ರೆಕ್ಕೆ ಬಡಿದ ಸದ್ದು. ಆಮೇಲೆ ಅದೂ ಇಲ್ಲ. ಮೇಲೆಳೆದಾಗ ಕೋಳಿಯ ಕುತ್ತಿಗೆ ಬುಟ್ಟಿಯಾಚೆ ಜೋತಿತ್ತು.

ಸಾಹುಕಾರ ಕಿಸೆಗೆ ಕೈ ಹಾಕಿದ. "ತಗೋ, ಕೋಳಿ ರೊಕ್ಕಾ. ನಿನ್ನ ರೊಕ್ಕಾ ಮುಳುಗಿಸಿದ್ನಿ ಅನಬ್ಯಾಡ."

"ನನ್ನ ಗಂಡಂದು?"

"ಅಂವಾ ಕುಡದ ಬಿದ್ದಾಂವ."

"ಕೋಳೀನೂ ಕುಡದಿತ್ತೇನ್ರಿ?"

ನೀಲಪ್ಪ ಇಳಿಯಲೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಹಗ್ಗ ಬಿಚ್ಚಿದ. ಸಾಹುಕಾರ ಫೋನು ಹಚ್ಚಿದ. ಸ್ವಲ್ಪ ಹೊತ್ತಿಗೆ ಸಾಲಹಳ್ಳಿಯಿಂದ ಒಬ್ಬ ಆಳು ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಬಂದ.

"ಆ ಕೋಳಿ ತಿಪ್ಪಿಗೆ ಒಗದ ಬಾ," ಸಾಹುಕಾರ ಸಾವಂತ್ರೆವ್ವನಿಗೆ ದನಿ ತಗ್ಗಿಸಿ ಹೇಳಿದ. "ಇಲ್ಲಾಂದ್ರ ನಾಳಿಂದ ನೀನೂ ನೀಲಪ್ಪನೂ ಇಬ್ರೂ ಕೆಲಸಕ್ಕ ಬರಬ್ಯಾಡ್ರಿ."

ಸಾವಂತ್ರೆವ್ವ ಕೋಳಿಯನ್ನು ಗುಂಡಿಯ ಬಾಯಿಗೇ ತಂದಿಟ್ಟಳು.

ಬಂದವನು ಕೋಳಿ ನೋಡಿದ. ಗುಂಡಿ ನೋಡಿದ. ಕೆಲಸ ಸಿಗದೆ ಮೂರು ಊರು ಅಲೆದವನು.

"ರೊಕ್ಕಾ ಮೊದಲ ಕೊಡ್ರಿ," ಎಂದು ಅಂಗಿಯ ಗುಂಡಿ ಬಿಚ್ಚತೊಡಗಿದ. "ಗಾಡಿಯಾಂವನ ಕೈಯಾಗ ಮನಿಗೆ ಕಳಿಸಿ ಇಳೀತೇನಿ."

ಗುಂಡಿಯ ಬಾಯಿ ಒಬ್ಬರು ನುಸುಳುವಷ್ಟೇ ಅಗಲ. ಸಾವಂತ್ರೆವ್ವ ಅದರ ಅಂಚಿನಲ್ಲಿ ಕಾಲು ಒಳಗೆ ಇಳಿಬಿಟ್ಟು ದಾರಿಗೆ ಅಡ್ಡವಾಗಿ ಕುಳಿತಳು.

"ಏಳ ಮ್ಯಾಲ," ಎಂದ ಸಾಹುಕಾರ.

"ಏಳಂಗಿಲ್ರಿ."