ಮೆಂಬ್ರೇನು ತೊಳೆದ ದಿನ

ಸಂಡೂರಿನ ಗುಡ್ಡದ ಮೇಲಿನ ಆ ಗಣಿಯಲ್ಲಿ ನೀರು ಸೋಸುವ ಯಂತ್ರ ನೋಡಿಕೊಳ್ಳುವವನು ಸುಂಕಪ್ಪ. ಸೋಸಿದ ನೀರು ಗೆಸ್ಟ್‌ಹೌಸಿಗೆ. ಉಳಿದ ಉಪ್ಪುನೀರು ಕಾಂಪೌಂಡಿನ ಹಿಂದಿನ ಕೊಳವೆಗೆ. ಅದಿರು ತುಂಬುವವರ ಹೆಂಗಸರು ಆ ಉಪ್ಪುನೀರಿಗೇ ಕೊಡ ಹಿಡಿಯುತ್ತಿದ್ದರು. ಪಾಪ, ಬೇರೆ ನೀರೆಲ್ಲಿತ್ತು ಅವರಿಗೆ? ಹಳ್ಳವನ್ನು ಕೆಂಪು ಧೂಳು ಎಂದೋ ನುಂಗಿಬಿಟ್ಟಿತ್ತು.

ತಿಂಗಳಿಗೊಮ್ಮೆ ಯಂತ್ರದ ಮೆಂಬ್ರೇನು, ಅಂದರೆ ನೀರು ಸೋಸುವ ಪೊರೆ, ತೊಳೆಯಬೇಕು. ಅವತ್ತು ಅದೇ ಕೊಳವೆಯಲ್ಲಿ ತೊಳೆಯಲು ಹಾಕುವ ಕಾಸ್ಟಿಕ್ ಪುಡಿಯ ಬಾಯಿ ಸುಡುವ ನೀರು ಬರುತ್ತದೆ. ಅದಕ್ಕೇ ಸುಂಕಪ್ಪ ಮೊದಲು ಹೋಗಿ ಮುದುಕಿ ಹೊಳೆಮ್ಮನಿಗೆ ಹೇಳಿ ಬರುತ್ತಿದ್ದ. ಅವಳು ಗುಡಿಸಲು ಗುಡಿಸಲಿಗೂ ಸುದ್ದಿ ಮುಟ್ಟಿಸುತ್ತಿದ್ದಳು. ಕುಡಿಯಬಾರದೆಂಬ ಬೋರ್ಡೇನೋ ಇತ್ತು, ಓದುವವರಿರಲಿಲ್ಲ.

ಆ ದಿನ ಮ್ಯಾನೇಜರು ಬೆನ್ನು ಬಿಡಲಿಲ್ಲ. ಅದಿರು ಕೊಳ್ಳುವ ಚೀನಾದವರು ಮಧ್ಯಾಹ್ನಕ್ಕೆ ಬರುವವರಿದ್ದರು. ಮೆಂಬ್ರೇನು ಲೋಳೆ ಕಟ್ಟಿ, ಗೆಸ್ಟ್‌ಹೌಸಿನ ನಲ್ಲಿಯಲ್ಲಿ ನೀರು ದಾರದಷ್ಟೂ ಬೀಳುತ್ತಿರಲಿಲ್ಲ.

"ಲೇ, ಪುಡಿ ಡಬಲ್ ಹಾಕು. ಜಲ್ದಿ ಮುಗೀಬೇಕು."

"ಸಾರ್, ಹಿಂದ ಹೆಣ್ಮಕ್ಕಳಿಗೆ ಒಂದ್ ಮಾತ್ ಹೇಳಿ ಬರ್ತೀನ್ರಿ."

"ಪಂಪ್ ಬಿಟ್ಟು ಹೋದ್ರ ನಾಳಿಂದ ಬರಬ್ಯಾಡ."

ಸುಂಕಪ್ಪ ಹೋಗಲಿಲ್ಲ. ಆಮೇಲೆ ಹೋದರಾಯಿತು ಎಂದುಕೊಂಡ. ಕೆಲಸ ಹೋಗುವ ಹೆದರಿಕೆ ಮನುಷ್ಯನ ಕೈಯಲ್ಲಿ ಏನೆಲ್ಲ ಮಾಡಿಸುತ್ತದೋ! ಪುಡಿ ಸುರಿದ, ಪಂಪು ಓಡಿಸಿದ, ಲೋಳೆ ಬಿಟ್ಟ ಮೇಲೆ ತೊಳೆದ ನೀರು ಹಿಂದಿನ ಕೊಳವೆಗೆ ಹೋಗಲು ವಾಲ್ವು ತೆರೆದ. ಮ್ಯಾನೇಜರು ಅತ್ತ ಹೋದದ್ದೇ ತಡ, ಹಿಂದಕ್ಕೆ ಓಡಿದ.

ಹೊಳೆಮ್ಮ ಎರಡನೇ ಕೊಡ ತುಂಬುತ್ತಿದ್ದಳು. ಮುಖದ ತುಂಬ ನಗು.

"ಬಾರಪ್ಪ ಸುಂಕಪ್ಪ. ಮೊದ್ಲು ರಾಡಿ ಬಂತು, ಬಿಟ್ವಿ. ಈಗ ನೋಡು, ತಿಳಿನೀರು! ಭಾಳ ಮೆತ್ತಗೈತಿ, ಕೈಯಾಗ ಜಾರತೈತಿ."

ಹಾಗೆ ಜಾರುವುದು ಕಾಸ್ಟಿಕ್ಕೆಂದು ಅವನಿಗೆ ಗೊತ್ತಿತ್ತು. ಕೊಡವನ್ನು ಒದ್ದು ಉರುಳಿಸಿದ. "ಅವ್ವಾ, ಯಾರರ ಕುಡದಾರೇನು?"

"ಯಾಕೋ? ಮೊದಲ್ನೇ ಕೊಡ ಸೊಸಿ ಒಯ್ದಾಳ. ಕೂಸು ಅಳಾಕತ್ತಿತ್ತು."

ಸುಂಕಪ್ಪ ಗುಡಿಸಲುಗಳ ಕಡೆ ತಿರುಗಿದ. ಗುಡಿಸಲುಗಳ ಮುಂದೆ ಕಂಡ ಕೊಡಗಳನ್ನೆಲ್ಲ ಉರುಳಿಸುತ್ತ ಓಡಿದ. "ಹುಚ್ಚು ಹಿಡೀತೇನಲೇ ನಿನಗ!" ಎಂದು ಹೆಂಗಸರು ಹಿಡಿಶಾಪ ಹಾಕಿದರು. ಆ ದಿನಕ್ಕೆ ಅವರಿಗಿದ್ದದ್ದು ಅಷ್ಟೇ ನೀರು.

ಕೊನೆಯ ಗುಡಿಸಲಿನಲ್ಲಿ ಹೊಳೆಮ್ಮನ ಸೊಸೆ ಗಾಯತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸಿನ ತುಟಿ ಬೆಳ್ಳಗೆ ಊದಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಅಳುವಿನ ದನಿಯೇ ಹೊರಡುತ್ತಿರಲಿಲ್ಲ.

"ಎರಡೇ ಗುಟುಕು ಕುಡಿಸಿದೆ ಅಣ್ಣ."

ಸುಂಕಪ್ಪ ಕೂಸನ್ನು ಬಾಚಿಕೊಂಡು ಲಾರಿಗಳ ರಸ್ತೆಯ ಕಡೆ ಓಡಿದ. ಗಾಯತ್ರಿ ಎಡವುತ್ತ ಹಿಂದೆಯೇ ಬಂದಳು.

"ಏನಿತ್ತಣ್ಣ ನೀರಾಗ? ಹೇಳಣ್ಣ, ಏನಿತ್ತು?"

ಬೆಳಿಗ್ಗೆ ಹೇಳಬೇಕಾಗಿದ್ದ ಆ ಒಂದು ಮಾತನ್ನು ನುಂಗಿಕೊಂಡು ಸುಂಕಪ್ಪ ಎದುರು ಬಂದ ಲಾರಿಗೆ ಕೈ ಅಡ್ಡ ಹಿಡಿದ.