ಗಂಡನಿಗೆ ಕಲ್ಲು ಕೊಟ್ಟಿದ್ದು

ನಮ್ಮ ಯಜಮಾನರು ಲಾರಿ ಡ್ರೈವರು. ರಾತ್ರಿಯೆಲ್ಲ ಮಾಲೂರಿನ ಹೆಂಚು ಹೇರಿಕೊಂಡು ಚಿತ್ತೂರಿಗೆ ಹೋಗಿ ಬರುವುದು, ಹಗಲೆಲ್ಲ ಲಕ್ಕೂರಿನ ನಮ್ಮ ನಡುಮನೆಯಲ್ಲಿ ಅಡ್ಡಡ್ಡ ಮಲಗುವುದು.

ನನ್ನ ರೇಷ್ಮೆಹುಳುವಿನ ತಟ್ಟೆಗಳಿರುವುದೂ ಅಲ್ಲೇ. ಸೊಪ್ಪು ಹಾಕಲು ಹೇಗೆ ಹೋಗಲಿ? ಗಂಡನನ್ನು ದಾಟಬಾರದು ಎನ್ನುತ್ತಾರೆ ಅತ್ತೆ. ಹಾಗಾದರೆ ಹಾರಲೇ? ಕಿವಿಯ ಹತ್ತಿರ ತಪ್ಪಲೆ ಬಡಿದರೂ ಈ ಮನುಷ್ಯ ಏಳುವುದಿಲ್ಲ.

ದಿನಾ ಬೆಳಿಗ್ಗೆ ಲಾರಿಯನ್ನು ಹುಣಸೆಮರದಡಿ ನಿಲ್ಲಿಸುವಾಗ ಕ್ಲೀನರ್ ಬಚ್ಚಪ್ಪ ಹಿಂದೆ ನಿಂತು ಕೂಗುತ್ತಾನೆ. ಕೊನೆಗೆ ಚಕ್ರ ಉರುಳದಂತೆ ಕಲ್ಲು ಕೊಡುತ್ತಾನೆ. ಅದು ನೆನಪಾಯಿತು. "ಅಣ್ಣಾ" ಎನ್ನುವುದೊಂದನ್ನು ಬಿಟ್ಟು ಅವನಂತೆಯೇ ಕೂಗಿದೆ.

"ರಿವರ್ಸ್ ಬರ್ಲಿ... ಬರ್ಲಿ, ಬರ್ಲಿ..."

ಯಜಮಾನರು ಕಣ್ಣು ಬಿಡದೆ ಚಾಪೆಸಮೇತ ಗೋಡೆಯ ಕಡೆಗೆ ಹಿಂದಹಿಂದಕ್ಕೆ ಸರಿದರು!

"ಸ್ವಲ್ಪ ಲೆಫ್ಟ್ ಕಟ್ ಮಾಡಿ... ಓಲ್ಡಾನ್!"

ಗೋಡೆಗೆ ಗೇಣು ಬಾಕಿಯಿರುವಾಗ ನಿಂತರು. ಬಾಗಿಲಲ್ಲಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಅಷ್ಟರಲ್ಲಿ ಯಜಮಾನರು ನಿದ್ದೆಯಲ್ಲೇ ಗೊಣಗಿದರು. "ಲೇ ಬಚ್ಚಾ, ಹಿಂದಕ್ಕೆ ಕಲ್ಲು ಕೊಡೋ."

ಗಂಡನ ಮಾತು ಮೀರಲಾದೀತೆ? ಒರಳಿನ ಗುಂಡುಕಲ್ಲು ತಂದು ಬೆನ್ನಿಗೆ ಕೊಟ್ಟೆ.

ಸಂಜೆ ಮಗ್ಗುಲು ಬದಲಿಸಿದವರು ಕಿರುಚಿಕೊಂಡು ಎದ್ದರು. "ಯಾವಳೇ ಇದನ್ನ ಇಲ್ಲಿಟ್ಟೋಳು?"

"ನೀವೇ ಕೇಳಿದ್ರಲ್ಲ," ಎಂದೆ. "ಹೊರಡೋವಾಗ ತೆಗೆದು ಪಕ್ಕಕ್ಕಿಡಿ. ಎಲ್ಲಾ ಲಾರಿಯೋರ ಹಾಗೆ ನಡುರಸ್ತೇಲೇ ಬಿಟ್ಟೋಗ್ಬೇಡಿ."